ಉದ್ದೀಪನ ಮದ್ದು: ಪಟ್ಟಿ ಓದಿಸಿದರೆ ಸಾಲದು

ಕ್ರೀಡಾಪಟುಗಳಿಗೆ ಉದ್ದೀಪನ ಮದ್ದಿನ ಬಗ್ಗೆ ನಡೆಸುವ ಹೆಚ್ಚಿನ ತರಗತಿಗಳು ಒಂದೇ ಅಚ್ಚಿನಲ್ಲಿರುತ್ತವೆ. ಪರದೆಯ ಮೇಲೆ ನಿಷೇಧಿತ ಪದಾರ್ಥಗಳ ಪಟ್ಟಿ ಬರುತ್ತದೆ. ಅದರ ಹಿಂದೆಯೇ ಶಿಕ್ಷೆಯ ಪಟ್ಟಿ: ಇದಕ್ಕೆ ಎರಡು ವರ್ಷ, ಅದಕ್ಕೆ ನಾಲ್ಕು ವರ್ಷ. ಕೊನೆಗೆ ಒಂದು ಪ್ರತಿಜ್ಞೆ, ಒಂದು ಗುಂಪು ಫೋಟೊ. ಹದಿನಾರು ವರ್ಷದ ಹುಡುಗ ಎಲ್ಲವನ್ನೂ ಕೇಳಿಸಿಕೊಂಡು ಮನೆಗೆ ಹೋಗುತ್ತಾನೆ. ಮರುದಿನ ಮೈದಾನದಲ್ಲಿ ಅವನ ಕೋಚ್ ಒಂದು ಮಾತ್ರೆ ಕೊಟ್ಟು, ‘ನುಂಗು, ಶಕ್ತಿ ಬರುತ್ತದೆ’ ಎಂದರೆ ಏನು ಮಾಡುತ್ತಾನೆ? ನುಂಗುತ್ತಾನೆ. ನಿನ್ನೆಯ ಪಾಠ ಅವನಿಗೆ ಮರೆತಿರುವುದಿಲ್ಲ. ಆದರೆ ಕಲಿಸಿದವರಿಗೆ ಎದುರು ಮಾತಾಡಬಾರದು ಎಂಬ ಪಾಠವನ್ನು ಅವನು ಅದಕ್ಕಿಂತ ಎಷ್ಟೋ ಮೊದಲು ಕಲಿತಿರುತ್ತಾನೆ.

ಈ ಎರಡು ಪಾಠಗಳ ನಡುವಿನ ಜಗಳವನ್ನು ನಾವು ತರಗತಿಗೆ ತರುವುದೇ ಇಲ್ಲ. ಉದ್ದೀಪನ ಮದ್ದಿನ ವಿರುದ್ಧದ ಶಿಕ್ಷಣ ಸೋಲುತ್ತಿರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆಟಗಾರ ಯಾವ ಮೌಲ್ಯಗಳನ್ನು ನಂಬಿ ಬೆಳೆದಿದ್ದಾನೆ ಎಂಬುದನ್ನು ತಿಳಿಯದೆ ಅವನಿಗೆ ನಿಯಮ ಕಲಿಸಲಾಗದು.

ವಿಶ್ವ ಉದ್ದೀಪನ ಮದ್ದು ತಡೆ ಘಟಕ (ವಾಡಾ) ಹುಟ್ಟಿದ್ದು 1999ರಲ್ಲಿ. ಅದರ ಸಂಹಿತೆ 2004ರಿಂದ ಜಾರಿಯಲ್ಲಿದೆ. ಶಿಕ್ಷಣಕ್ಕೆಂದೇ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2021ರಲ್ಲಿ. ಆಟಗಾರನೊಬ್ಬ ಈ ವ್ಯವಸ್ಥೆಯನ್ನು ಮೊದಲು ಕಾಣಬೇಕಾದದ್ದು ಪಾಠದ ಮೂಲಕವೇ ಹೊರತು ಮೂತ್ರ ಪರೀಕ್ಷೆಯ ಮೂಲಕ ಅಲ್ಲ ಎಂಬುದು ಅದರ ಮುಖ್ಯ ತತ್ವ. ಸಂಹಿತೆಯು ‘ಕ್ರೀಡೆಯ ಚೈತನ್ಯ’ ಎಂಬುದರ ಅಡಿಯಲ್ಲಿ ಆರೋಗ್ಯ, ಪ್ರಾಮಾಣಿಕತೆ, ಧೈರ್ಯ, ಆಟದ ಸಂತೋಷ, ತನ್ನ ಮೇಲೂ ಎದುರಾಳಿಯ ಮೇಲೂ ಗೌರವ, ಸಮುದಾಯದ ಒಗ್ಗಟ್ಟು ಮುಂತಾದ ಮೌಲ್ಯಗಳನ್ನು ಹೆಸರಿಸುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದನ್ನು ಕೇಳಬೇಕಾಗಿಲ್ಲ. ಆದರೆ ಈ ಮಾತುಗಳು ಒಂದೊಂದು ನಾಡಿನಲ್ಲಿ ಒಂದೊಂದು ಅರ್ಥ ಪಡೆಯುತ್ತವೆ. ಒಗ್ಗಟ್ಟು ಎಂದರೆ ತಂಡದಲ್ಲಿ ನಡೆಯುವ ಮೋಸವನ್ನು ಮುಚ್ಚಿಡುವುದೇ, ಬಯಲಿಗೆಳೆಯುವುದೇ? ಗೌರವ ಎಂದರೆ ಕೋಚ್ ಹೇಳಿದ್ದನ್ನು ಕೇಳುವುದೇ, ಪ್ರಶ್ನಿಸುವುದೇ?

ನಮ್ಮ ಅಂಕಿಗಳು

ಭಾರತದ ಪರಿಸ್ಥಿತಿ ನಾಚಿಕೆಪಡುವಂತಿದೆ. ವಾಡಾ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ನಮ್ಮಲ್ಲಿ ಪರೀಕ್ಷಿಸಿದ 3,865 ಮಾದರಿಗಳಲ್ಲಿ 125ರಲ್ಲಿ ನಿಷೇಧಿತ ಪದಾರ್ಥ ಸಿಕ್ಕಿತು. ಅಂದರೆ ಶೇ. 3.2. ಮರುವರ್ಷ ಅದು ಶೇ. 3.8ಕ್ಕೆ ಏರಿತು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಪೈಕಿ ಇದು ಅತಿ ಹೆಚ್ಚಿನ ಪ್ರಮಾಣ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಕೂಟಕ್ಕೆ ಪರೀಕ್ಷಾಧಿಕಾರಿಗಳು ಬಂದಿದ್ದಾರೆಂಬ ಸುದ್ದಿ ಹಬ್ಬಿದಾಗ ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಲು ಒಬ್ಬನೇ ಒಬ್ಬ ಉಳಿದಿದ್ದ. ಕ್ರೀಡಾಂಗಣದ ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿದ್ದುದು ಪತ್ರಿಕೆಗಳಲ್ಲಿ ವರದಿಯಾಯಿತು.

ದೇಶದಲ್ಲಿ ಕಾನೂನಿಲ್ಲ ಎಂದೇನಲ್ಲ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ (ನಾಡಾ) 2009ರಿಂದ ಕೆಲಸ ಮಾಡುತ್ತಿದೆ. 2022ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಹೆದರಿಕೆ ಇದೆ, ಓಡಿ ಹೋದವರೆಲ್ಲ ಹೆದರಿಯೇ ಓಡಿದ್ದು. ಸಿಕ್ಕಿಬೀಳುವ ಭಯ ಮನುಷ್ಯನಿಗೆ ಓಡಿಹೋಗುವುದನ್ನು ಕಲಿಸುತ್ತದೆ, ಮಾತ್ರೆಯನ್ನು ಬೇಡವೆನ್ನುವುದನ್ನು ಕಲಿಸುವುದಿಲ್ಲ.

ನಾಡು ಬೇರೆ, ನೆಪ ಬೇರೆ

ಮೌಲ್ಯಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಬೇರೆ ಬೇರೆ ದೇಶಗಳ ಅನುಭವವನ್ನು ನೋಡಬೇಕು.

ಹಿಂದಿನ ಪೂರ್ವ ಜರ್ಮನಿಯಲ್ಲಿ 1974ರಿಂದ ಸರಕಾರವೇ ರಹಸ್ಯ ಯೋಜನೆ ಮಾಡಿ ಸಾವಿರಾರು ಆಟಗಾರರಿಗೆ ಸ್ಟಿರಾಯ್ಡ್ ಕೊಡಿಸಿತು. ಅವರಲ್ಲಿ ಹದಿಹರೆಯದ ಹೆಣ್ಣುಮಕ್ಕಳೂ ಇದ್ದರು. ಅವು ವಿಟಮಿನ್ ಮಾತ್ರೆಗಳೆಂದು ಹೇಳಲಾಗಿತ್ತು. ಶಿಸ್ತು, ವಿಧೇಯತೆ, ದೇಶಸೇವೆ ಇವೇ ಅಲ್ಲಿನ ದೊಡ್ಡ ಮೌಲ್ಯಗಳು. ಆ ಮಕ್ಕಳು ಕೆಟ್ಟವರಾಗಿರಲಿಲ್ಲ, ಹೇಳಿದ್ದನ್ನು ಕೇಳುವ ಒಳ್ಳೆಯ ಮಕ್ಕಳಾಗಿದ್ದರು. ಅವರ ಒಳ್ಳೆಯತನವನ್ನೇ ಬಳಸಿಕೊಂಡು ಅವರ ದೇಹವನ್ನು ಕೆಡಿಸಲಾಯಿತು. ಆ ಯೋಜನೆಯ ಮುಖ್ಯಸ್ಥರಿಗೆ ಬರ್ಲಿನ್ನಿನ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದು 2000ದಲ್ಲಿ.

ಕೆನಡಾದ ಬೆನ್ ಜಾನ್ಸನ್ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿ, ಮೂರೇ ದಿನದಲ್ಲಿ ಪದಕ ಕಳೆದುಕೊಂಡರು. ಅಲ್ಲಿ ತಾನು ಗೆಲ್ಲಬೇಕು, ತಾನೇ ಮೊದಲಿಗನಾಗಬೇಕು ಎಂಬ ಛಲ ಮುಖ್ಯವಾಗಿತ್ತು. ಎಲ್ಲರೂ ತೆಗೆದುಕೊಳ್ಳುವಾಗ ನಾನೊಬ್ಬ ಬಿಟ್ಟರೆ ಹಿಂದೆ ಬೀಳುತ್ತೇನೆ ಎಂಬುದು ನೆಪ. ಆ ದೇಶ ಮಾಡಿದ ಒಳ್ಳೆಯ ಕೆಲಸವೆಂದರೆ ಬಹಿರಂಗ ವಿಚಾರಣೆ. ನ್ಯಾಯಮೂರ್ತಿ ಡ್ಯುಬಿನ್ ಅವರ ಮುಂದೆ ಆಟಗಾರರೂ ಕೋಚ್‌ಗಳೂ ವೈದ್ಯರೂ ಬಂದು ಸಾಕ್ಷಿ ಹೇಳಿದರು. ಅಲ್ಲಿನ ಇಂದಿನ ಶಿಕ್ಷಣದ ಬೇರು ಆ ವಿಚಾರಣೆಯಲ್ಲಿದೆ.

ಕೀನ್ಯಾದ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಓಟಗಾರರಲ್ಲಿ ಬಹಳಷ್ಟು ಮಂದಿ ಬಡ ಕೃಷಿ ಕುಟುಂಬದವರು. ವಿದೇಶದ ಒಂದು ರಸ್ತೆ ಓಟ ಗೆದ್ದರೆ ಮನೆ ಕಟ್ಟಬಹುದು, ಜಮೀನು ಕೊಳ್ಳಬಹುದು, ತಮ್ಮ ತಂಗಿಯರನ್ನು ಓದಿಸಬಹುದು. ಕುಟುಂಬವನ್ನು ಸಾಕುವುದು ಅಲ್ಲಿನ ದೊಡ್ಡ ಮೌಲ್ಯ. ‘ಮೋಸ ಮಾಡಬೇಡ’ ಎಂದು ಹೇಳುವವನಿಗೆ ‘ನನ್ನ ತಾಯಿಗೆ ಯಾರು ಊಟ ಹಾಕುತ್ತಾರೆ?’ ಎಂಬ ಪ್ರಶ್ನೆ ಎದುರಾಗುತ್ತದೆ. ಪ್ರಕರಣಗಳು ವಿಪರೀತವಾಗಿ, ದೇಶವೇ ನಿಷೇಧಕ್ಕೊಳಗಾಗುವ ಅಂಚಿಗೆ ಬಂದಾಗ, 2022ರ ಕೊನೆಗೆ ಅಲ್ಲಿನ ಸರಕಾರ ಐದು ವರ್ಷಗಳ ಕಾಲ ವರ್ಷಕ್ಕೆ 50 ಲಕ್ಷ ಡಾಲರ್ ಖರ್ಚು ಮಾಡುವುದಾಗಿ ಒಪ್ಪಿತು.

ಇರಾನಿನ ಉದಾಹರಣೆ ಇನ್ನೊಂದು ಬಗೆಯದು. ಅಲ್ಲಿನ ಝೂರ್‌ಖಾನೆ ಎಂದರೆ ನಮ್ಮ ಗರಡಿಮನೆಯಂತೆಯೇ. ಅದರ ಪಹಲ್ವಾನಿ ಸಂಪ್ರದಾಯವನ್ನು ಯುನೆಸ್ಕೊ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬಲವಂತನು ವಿನಯಿಯೂ ಆಗಿರಬೇಕು, ದುರ್ಬಲರಿಗೆ ಆಸರೆಯಾಗಿರಬೇಕು ಎಂಬುದು ಅಲ್ಲಿನ ನೀತಿ. 1956ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಗುಲಾಂ ರೆಝಾ ತಖ್ತಿ, ಎದುರಾಳಿಯ ಗಾಯಗೊಂಡ ಕಾಲನ್ನು ಹಿಡಿಯಲು ಒಪ್ಪದೆ ಪಂದ್ಯ ಬಿಟ್ಟುಕೊಟ್ಟರೆಂಬ ಕಥೆಯನ್ನು ಅಲ್ಲಿ ಈಗಲೂ ಮಕ್ಕಳಿಗೆ ಹೇಳುತ್ತಾರೆ. ಅದೇ ದೇಶದಲ್ಲಿ 2006ರ ವಿಶ್ವ ಭಾರ ಎತ್ತುವ ಸ್ಪರ್ಧೆಯ ಮುನ್ನ ತಂಡದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು.

ಇದರಿಂದ ಒಂದು ಮಾತು ಸ್ಪಷ್ಟ. ನಮ್ಮ ಸಂಸ್ಕೃತಿ ದೊಡ್ಡದು, ನಮ್ಮ ಧರ್ಮ ದೊಡ್ಡದು, ಹಾಗಾಗಿ ನಮ್ಮ ಮಕ್ಕಳು ಸುರಕ್ಷಿತರು ಎಂದು ಯಾರೂ ಎದೆ ತಟ್ಟಿಕೊಳ್ಳುವಂತಿಲ್ಲ. ಮೌಲ್ಯ ಎಂಬುದು ಎರಡು ಬಾಯಿಯ ಕತ್ತಿ. ವಿಧೇಯತೆ, ಕುಟುಂಬ ಪ್ರೇಮ, ಛಲ, ದೇಶಾಭಿಮಾನ ಎಲ್ಲವೂ ಆಟಗಾರನನ್ನು ಕಾಪಾಡಲೂ ಬಲ್ಲವು, ಕೆಡಿಸಲೂ ಬಲ್ಲವು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಇದನ್ನು ಚೆನ್ನಾಗಿ ವಿವರಿಸಿದ್ದಾರೆ: ತಪ್ಪು ಮಾಡುವವನು ತನ್ನ ನೀತಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ, ಈ ಒಂದು ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಳ್ಳುತ್ತಾನೆ. ‘ಎಲ್ಲರೂ ಮಾಡುತ್ತಾರೆ’, ‘ಕೋಚ್ ಕೊಟ್ಟದ್ದು’, ‘ಮನೆಯವರಿಗಾಗಿ’. ಯಾವ ಊರಿನಲ್ಲಿ ಯಾವ ಸಮಜಾಯಿಷಿ ಚಾಲ್ತಿಯಲ್ಲಿದೆ ಎಂಬುದನ್ನು ಕಂಡುಹಿಡಿದು ಅದಕ್ಕೆ ಉತ್ತರ ಕೊಡುವುದೇ ನಿಜವಾದ ಶಿಕ್ಷಣ.

ನಮ್ಮ ಸಮಜಾಯಿಷಿಗಳು

ನಮ್ಮಲ್ಲಿ ಮೊದಲನೆಯದು ಗುರುವಿನ ಮೇಲಿನ ನಂಬಿಕೆ. ಗರಡಿಮನೆಯಲ್ಲಿ ವಸ್ತಾದರ ಮಾತೇ ಕಡೆಯ ಮಾತು. ಕಬಡ್ಡಿ ಅಂಗಳದಲ್ಲೂ ಓಟದ ಟ್ರ್ಯಾಕಿನಲ್ಲೂ ಹಾಗೆಯೇ. 2011ರಲ್ಲಿ ಭಾರತದ ಮಹಿಳಾ ರಿಲೇ ಓಟಗಾರ್ತಿಯರ ಮೇಲೆ ಬಂದ ಪ್ರಕರಣ ನೆನಪಿಸಿಕೊಳ್ಳಿ. ಅವರಲ್ಲಿ ಹಿಂದಿನ ವರ್ಷವಷ್ಟೇ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯೂ ಇದ್ದರು. ವಿದೇಶಿ ಕೋಚ್ ತಂದುಕೊಟ್ಟ ಜಿನ್ಸೆಂಗ್‌ನಲ್ಲಿ ಸ್ಟಿರಾಯ್ಡ್ ಬೆರೆತಿತ್ತು, ತಮಗೆ ಗೊತ್ತಿರಲಿಲ್ಲ ಎಂದು ಅವರು ವಾದಿಸಿದರು. ಇಲ್ಲಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಯಾರು ಕೊಟ್ಟರೂ ಸರಿ, ನಿನ್ನ ದೇಹದೊಳಗೆ ಸಿಕ್ಕಿದ್ದಕ್ಕೆ ನೀನೇ ಹೊಣೆ ಎಂಬುದು ಈ ಕ್ಷೇತ್ರದ ನಿಯಮ. ಗುರುವನ್ನು ನಂಬುವುದು ಸದ್ಗುಣ ಎಂದು ಕಲಿತ ಮಗುವಿಗೆ ಈ ನಿಯಮ ಅನ್ಯಾಯವಾಗಿ ಕಾಣುತ್ತದೆ. ಹಾಗಾದರೆ ಗುರುವಿನ ಮುಂದೆ ಗೌರವ ಬಿಡದೆ ಪ್ರಶ್ನೆ ಕೇಳುವುದು ಹೇಗೆ ಎಂಬುದನ್ನು ಕಲಿಸಬೇಕು. ‘ಸರ್, ಇದರ ಹೆಸರು ಬರೆದುಕೊಡಿ, ಮನೆಯಲ್ಲಿ ತೋರಿಸಿ ನಾಳೆ ತೆಗೆದುಕೊಳ್ಳುತ್ತೇನೆ’ ಎಂಬ ಒಂದು ವಾಕ್ಯವನ್ನು ಮಕ್ಕಳ ಬಾಯಿಗೆ ಅಭ್ಯಾಸ ಮಾಡಿಸಿದರೆ ಅದು ಹತ್ತು ಪಟ್ಟಿಗಳಿಗೆ ಸಮ.

ಎರಡನೆಯದು ನೌಕರಿ. ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಒಂದು ಕೆಲಸ ಸಿಕ್ಕಿದರೆ ಇಡೀ ಮನೆ ದಡ ಸೇರುತ್ತದೆ. ಅದಕ್ಕೆ ಬೇಕಾದದ್ದು ಒಂದು ಪ್ರಮಾಣಪತ್ರ. ಸಾಲ ಮಾಡಿ ಮಗನನ್ನು ತರಬೇತಿಗೆ ಕಳಿಸಿದ ತಂದೆಯ ಮುಖ ನೆನೆದು ಹುಡುಗ ಸಿರಿಂಜು ಹಿಡಿಯುತ್ತಾನೆ. ಇಲ್ಲಿ ಕುಟುಂಬವೇ ಮಾತಾಡಬೇಕು. ‘ನೀನು ಸೋತು ಬಂದರೂ ನಮ್ಮ ಮಗನೇ’ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಿದ್ದರು. ಸಿಕ್ಕಿಬಿದ್ದರೆ ನೌಕರಿಯೂ ಇಲ್ಲ, ಮಾನವೂ ಇಲ್ಲ ಎಂಬ ಲೆಕ್ಕವನ್ನು ತಂದೆ ತಾಯಂದಿರೂ ತಿಳಿದಿರಬೇಕು.

ಮೂರನೆಯದು ನನ್ನ ವೃತ್ತಿಗೆ ಸೇರಿದ್ದು: ‘ಗಿಡಮೂಲಿಕೆಯದ್ದಲ್ಲವೇ, ಏನೂ ಆಗದು.’ ಈ ಮಾತನ್ನು ಚಿಕಿತ್ಸಾಲಯದಲ್ಲಿ ಕೇಳದ ವಾರವಿಲ್ಲ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಇದು ಸುಳ್ಳು. ಕುಚಲಾ, ಅಂದರೆ ಕಾಸರಕದ ಬೀಜ, ನಮ್ಮ ಪದ್ಧತಿಯಲ್ಲಿ ‘ಅಝಾರಾಖಿ’ ಎಂಬ ಹೆಸರಿನಲ್ಲಿ ಶುದ್ಧೀಕರಿಸಿ ನರದೌರ್ಬಲ್ಯಕ್ಕೂ ಕೀಲುನೋವಿಗೂ ಬಳಸುವ ಔಷಧಿ. ಅದರಲ್ಲಿರುವ ಸ್ಟ್ರಿಕ್ನೀನ್ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯುದ್ದಕ್ಕೂ ಸಹಾಯಕರು ಕೊಟ್ಟದ್ದು ಇದೇ ಸ್ಟ್ರಿಕ್ನೀನ್. ಗೆಲುವಿನ ಗೆರೆ ದಾಟುವಾಗ ಅವರು ಕುಸಿಯುವ ಸ್ಥಿತಿಯಲ್ಲಿದ್ದರು. ಕೆಲವು ಹಳೆಯ ಮಾಜೂನ್‌ಗಳಲ್ಲಿ ಭಂಗಿಯೂ ಅಫೀಮೂ ಇರುತ್ತವೆ. ಇವೂ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಉಬ್ಬಸಕ್ಕೆ ಬಳಸುವ ಎಫಿಡ್ರಾ ಗಿಡದಲ್ಲಿ ಎಫಿಡ್ರಿನ್ ಇದೆ. ಕಸ್ತೂರಿಯನ್ನೇ ನೋಡಿ: 2011ರ ಮಹಿಳಾ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಉತ್ತರ ಕೊರಿಯಾದ ಐವರು ಆಟಗಾರ್ತಿಯರಲ್ಲಿ ಸ್ಟಿರಾಯ್ಡ್ ಕಂಡುಬಂದಾಗ, ಕಸ್ತೂರಿ ಮೃಗದ ಗ್ರಂಥಿಯಿಂದ ಮಾಡಿದ ನಾಟಿ ಔಷಧಿ ಕೊಟ್ಟಿದ್ದೆವು ಎಂದು ತಂಡದವರು ಹೇಳಿದರು. ಕಸ್ತೂರಿ ನಮ್ಮ ಶಾಸ್ತ್ರಗ್ರಂಥಗಳ ದವಾಉಲ್ ಮಿಸ್ಕ್‌ನ ಮೂಲ ದ್ರವ್ಯವೂ ಹೌದು.

ಇವು ಔಷಧಿಯಾಗಿ ಕೆಟ್ಟವೆಂದು ನಾನು ಹೇಳುತ್ತಿಲ್ಲ. ರೋಗಿಗೆ ಔಷಧಿಯಾದದ್ದು ಆಟಗಾರನಿಗೆ ನಿಷೇಧವಾಗಬಹುದು ಎಂದಷ್ಟೇ ಹೇಳುವುದು. ಅಲೋಪತಿಯಲ್ಲೂ ಹಾಗೆಯೇ: ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿರುವ ಟರ್ಬುಟಾಲಿನ್, ಮೂತ್ರ ಹೆಚ್ಚಿಸುವ ಮಾತ್ರೆಗಳು, ಇನ್ಸುಲಿನ್ ಎಲ್ಲವೂ ಪಟ್ಟಿಯಲ್ಲಿವೆ. ನಿಜವಾಗಿ ಬೇಕಾದವರಿಗೆ ಮುಂಚಿತವಾಗಿ ಅನುಮತಿ ಪಡೆಯುವ ದಾರಿಯಿದೆ. ಇನ್ನು ಹೆಸರಿಲ್ಲದ ಡಬ್ಬಿಯಲ್ಲಿ ಬರುವ ‘ಶಕ್ತಿ ಪುಡಿ’, ‘ತೂಕ ಹೆಚ್ಚಿಸುವ ಪುಡಿ’ಗಳ ಮಾತೇ ಬೇರೆ. ವಾರದಲ್ಲಿ ಮೈ ತುಂಬಿಸುವ ಮೂಲಿಕೆ ಭೂಮಿಯ ಮೇಲೆ ಇಲ್ಲ. ಅಂಥ ಪುಡಿ ಕೆಲಸ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದಾರೆಂದೇ ಸಂಶಯಪಡಬೇಕು. ಹಕೀಮರು, ವೈದ್ಯರು, ಔಷಧಿ ಅಂಗಡಿಯವರು ಎಲ್ಲರೂ ಯುವಕರಿಗೆ ಔಷಧಿ ಕೊಡುವ ಮುನ್ನ ‘ನೀನು ಸ್ಪರ್ಧೆಗಳಲ್ಲಿ ಆಡುತ್ತೀಯಾ?’ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.

ದೇಹ ಕೇಳುವ ಬೆಲೆ

ಶಿಕ್ಷೆಯ ಮಾತಿಗಿಂತ ದೇಹದ ಮಾತು ಯುವಕರಿಗೆ ಬೇಗ ಅರ್ಥವಾಗುತ್ತದೆ. ಸ್ಟಿರಾಯ್ಡ್ ಹೊರಗಿನಿಂದ ಬಂದಾಗ ದೇಹ ತನ್ನದೇ ಪುರುಷ ಹಾರ್ಮೋನ್ ತಯಾರಿಯನ್ನು ನಿಲ್ಲಿಸುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಕೆಲವರಿಗೆ ಎದೆ ಬೆಳೆಯುತ್ತದೆ. ಯಕೃತ್ತು ಹಾಳಾಗುತ್ತದೆ, ಹೃದಯದ ಸ್ನಾಯು ದಪ್ಪವಾಗುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಬೆಳೆಯುವ ವಯಸ್ಸಿನವರಲ್ಲಿ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಎತ್ತರ ನಿಂತುಹೋಗುತ್ತದೆ. ಹೆಣ್ಣುಮಕ್ಕಳ ಸ್ವರ ಗಡುಸಾಗುತ್ತದೆ, ಅದು ಮತ್ತೆ ಮೊದಲಿನಂತಾಗದು. ಆಪರೇಷನ್ ವೇಳೆ ಇಳಿದ ರಕ್ತದೊತ್ತಡ ಏರಿಸಲು ಬಳಸುವ ಮೆಫೆಂಟರ್ಮೈನ್ ಚುಚ್ಚುಮದ್ದನ್ನು ಜಿಮ್‌ಗಳಲ್ಲಿ ಚುಚ್ಚಿಕೊಳ್ಳುತ್ತಿದ್ದಾರೆ; ಅದು ಚಟವಾಗುತ್ತದೆ, ಹೃದಯದ ಬಡಿತ ತಪ್ಪಿಸುತ್ತದೆ. ಒಂದೇ ಸೂಜಿಯನ್ನು ಹಂಚಿಕೊಂಡರೆ ಹೆಪಟೈಟಿಸ್ ಮತ್ತು ಎಚ್‌ಐವಿ ಬರಬಹುದು.

ಮುಸ್ಲಿಂ ಮನೆಗಳಿಗೆ ಎರಡು ಮಾತು

ನಮ್ಮ ಮನೆಗಳಲ್ಲಿ ಪ್ರೋಟೀನ್ ಡಬ್ಬಿಯ ಮೇಲೆ ಹಲಾಲ್ ಮುದ್ರೆ ಇದೆಯೇ ಎಂದು ನೋಡುತ್ತಾರೆ, ಒಳ್ಳೆಯದು. ಆದರೆ ಆ ಮುದ್ರೆ ಹೇಳುವುದು ಅದರಲ್ಲಿ ಹಂದಿಯ ಕೊಬ್ಬು, ಮದ್ಯಸಾರ ಇತ್ಯಾದಿ ಇಲ್ಲವೆಂದು ಮಾತ್ರ. ನಿಷೇಧಿತ ಪದಾರ್ಥವಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ವಾಡಾ ಯಾವ ಪುಡಿಗೂ ಮಾತ್ರೆಗೂ ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ ಎಂಬುದೂ ನೆನಪಿರಲಿ.

ರಮಝಾನ್‌ನಲ್ಲೂ ಪರೀಕ್ಷೆ ನಡೆಯುತ್ತದೆ. ಉಪವಾಸದ ನೆಪದಲ್ಲಿ ಮಾದರಿ ನಿರಾಕರಿಸಿದರೆ ಅದೇ ಒಂದು ಅಪರಾಧ. ಕೊಡಲಾಗದಿದ್ದರೆ ಅಧಿಕಾರಿಗಳ ಕಣ್ಣೆದುರಿನಲ್ಲಿ ಕಾಯಬಹುದು. ಇಫ್ತಾರ್ ಆದ ಕೂಡಲೇ ಲೀಟರ್‌ಗಟ್ಟಲೆ ನೀರು ಕುಡಿದರೆ ಮೂತ್ರ ತೆಳುವಾಗಿ ಮತ್ತೊಂದು ಮಾದರಿ ಕೊಡಬೇಕಾದೀತು. ಮೂತ್ರ ಕೊಡುವಾಗ ಅಧಿಕಾರಿ ನೇರವಾಗಿ ನೋಡುತ್ತಾರೆ. ಇದು ನಮ್ಮ ಹೆಣ್ಣುಮಕ್ಕಳಿಗೆ ಮೊದಲ ಸಲ ಆಘಾತವಾಗುವ ಸಂಗತಿ. ನೋಡುವವರು ಮಹಿಳೆಯೇ ಆಗಿರಬೇಕು, ಪರೀಕ್ಷಾ ಕೊಠಡಿಗೆ ತನ್ನವರೊಬ್ಬರನ್ನು ಕರೆದುಕೊಂಡು ಹೋಗಬಹುದು ಎಂಬ ಹಕ್ಕುಗಳನ್ನು ತಾಯಂದಿರ ಸಮ್ಮುಖದಲ್ಲಿ ಮುಂಚಿತವಾಗಿ ವಿವರಿಸಿದರೆ ಅಳುಕು ಅರ್ಧ ಕಡಿಮೆಯಾಗುತ್ತದೆ. ಪಾಠ ಹೇಳುವವರು ಹಯಾ ಎಂಬ ಮೌಲ್ಯವನ್ನು ಅಡ್ಡಿಯೆಂದು ಕಾಣದೆ, ಅದನ್ನು ಗೌರವಿಸಿಯೇ ವಿಷಯ ತಿಳಿಸಲು ಸಾಧ್ಯವಿದೆ.

ದೇಹ ಅಮಾನತು, ಅದರ ಲೆಕ್ಕ ಕೊಡಬೇಕು ಎಂದು ನಂಬಿದ ಮಗುವಿಗೆ ಸ್ಟಿರಾಯ್ಡ್ ಏಕೆ ಬೇಡ ಎಂಬುದು ಬೇಗ ತಿಳಿಯುತ್ತದೆ. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ ಧಾನ್ಯ ಇಟ್ಟು ಮಾರುತ್ತಿದ್ದ ವ್ಯಾಪಾರಿಯನ್ನು ಪ್ರವಾದಿಯವರು(ಸ) ತಡೆದ ಪ್ರಸಂಗ ಮದ್ರಸದ ಮಕ್ಕಳಿಗೂ ಗೊತ್ತು. ಮದ್ದು ತೆಗೆದುಕೊಂಡು ಗೆದ್ದ ಪದಕವೂ ಅಂಥದ್ದೇ ರಾಶಿ. ಆದರೆ ಪಾಪದ ಹೆದರಿಕೆಯೊಂದನ್ನೇ ತುಂಬಿದರೆ, ಸಿಲುಕಿಕೊಂಡ ಹುಡುಗ ಮನೆಯಲ್ಲಿ ಹೇಳಲಾರದೆ ಮುಚ್ಚಿಡುತ್ತಾನೆ, ಇನ್ನೂ ಆಳಕ್ಕೆ ಇಳಿಯುತ್ತಾನೆ. ಹಿಂತಿರುಗುವ ಬಾಗಿಲನ್ನೂ ತೋರಿಸಬೇಕು.

ನಿಯಮ ಒಂದೇ, ಬಾಗಿಲು ಹಲವು

ಒಂದು ಆಕ್ಷೇಪಣೆ ಬರಬಹುದು. ಪ್ರತಿಯೊಂದು ಸಂಸ್ಕೃತಿಗೂ ಬೇರೆ ಬೇರೆ ಪಾಠವಾದರೆ ನಿಯಮವೇ ಸಡಿಲವಾಗುವುದಿಲ್ಲವೇ? ಇಲ್ಲ. ನಿಯಮ ಎಲ್ಲರಿಗೂ ಒಂದೇ ಇರಬೇಕು. ಬೆಂಗಳೂರಿನ ಮೂತ್ರದ ಸೀಸೆಗೂ ಬರ್ಲಿನ್ನಿನ ಸೀಸೆಗೂ ಒಂದೇ ಪರೀಕ್ಷೆ. ಬದಲಾಗಬೇಕಾದದ್ದು ಆ ನಿಯಮ ಮನಸ್ಸನ್ನು ಪ್ರವೇಶಿಸುವ ಬಾಗಿಲು. ಒಂದು ಕಡೆ ಅದು ಸ್ವಾಭಿಮಾನದ ಬಾಗಿಲು, ಇನ್ನೊಂದು ಕಡೆ ಕುಟುಂಬದ್ದು, ಮತ್ತೊಂದು ಕಡೆ ಗುರುವಿನದ್ದು ಅಥವಾ ಧರ್ಮದ್ದು.

ಹಾಗಾಗಿ ನಮ್ಮ ರಾಜ್ಯದ ಮಟ್ಟಿಗೆ ಕೆಲವು ಸಲಹೆಗಳು. ಪಾಠ ಕನ್ನಡದಲ್ಲಿರಲಿ, ಗರಡಿಮನೆ, ಕ್ರೀಡಾ ಹಾಸ್ಟೆಲ್, ಜಿಮ್‌ಗಳಿಗೆ ಹೋಗಿ ನಡೆಯಲಿ. ಆಟಗಾರರಿಗಿಂತ ಮೊದಲು ವಸ್ತಾದರಿಗೂ ಕೋಚ್‌ಗಳಿಗೂ ತಂದೆ ತಾಯಂದಿರಿಗೂ ನಡೆಯಲಿ. ನಿಷೇಧಕ್ಕೊಳಗಾಗಿ ಹಿಂತಿರುಗಿದ ಆಟಗಾರರು ಮಕ್ಕಳ ಮುಂದೆ ಕುಳಿತು ಮಾತಾಡಲಿ. ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್ ಬಳಸುವುದನ್ನು ಕೈಹಿಡಿದು ಕಲಿಸಲಿ. ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ, ವರ್ಷಕ್ಕೊಮ್ಮೆಯಾದರೂ ಅದನ್ನು ನೋಡುವ ಅಭ್ಯಾಸವಾಗಲಿ. ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ನಡೆಸುವ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳಲ್ಲಿ ಟ್ರೋಫಿ ಕೊಡುವ ಮುನ್ನ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿಟ್ಟರೆ ಖರ್ಚೇನೂ ಇಲ್ಲ.

ಈ ಲೇಖನ ಓದಿದ ತಂದೆ ತಾಯಂದಿರು ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಆಡುವ ಮಗನಿದ್ದರೆ, ಮಗಳಿದ್ದರೆ, ಅವರ ಚೀಲದಲ್ಲಿರುವ ಡಬ್ಬಿಗಳನ್ನು ಮೇಜಿನ ಮೇಲೆ ಇಡಲು ಹೇಳಿ. ಗದರಬೇಡಿ. ಇದನ್ನು ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳಿ. ಉತ್ತರ ಹೇಳಲು ಅವರು ತಡವರಿಸಿದರೆ, ತಡಮಾಡದೆ ವೈದ್ಯರ ಬಳಿಗೆ ಕರೆದುಕೊಂಡು ಬನ್ನಿ.